ಸಂಬಳದ ಜೊತೆಗೊಂದು ಏಜೆನ್ಸಿ

ಡಿಗ್ರಿ ಮುಗಿಸಿ, ಹೇಗೋ ಒಂದು ಕೆಲಸ ಹಿಡಿದು ಆರು ತಿಂಗಳಾಗುವಷ್ಟರಲ್ಲಿ ನಮ್ಮ ಕಡೆ ಎರಡು ಪ್ರಸ್ತಾಪಗಳು ಬಂದೇ ಬರುತ್ತವೆ. ಒಂದು ಮದುವೆಯದು. ಇನ್ನೊಂದು, 'ಒಂದ್ ಏಜೆನ್ಸಿ ತಕಣಿ ಮರ್ರೆ, ಶನಿವಾರ ಆಯ್ತವಾರ ತಿರ್ಗ್ರೆ ಸಾಕ್' ಎನ್ನುವುದು. ಮೊದಲನೆಯದನ್ನು ಮನೆಯವರು ನಾಲ್ಕು ಕಡೆ ವಿಚಾರಿಸಿ ನೋಡುತ್ತಾರೆ. ಎರಡನೆಯದನ್ನು ಯಾರೂ ವಿಚಾರಿಸುವುದಿಲ್ಲ. ಹೇಗೂ ಕೈಯಿಂದ ಹೋಗುವುದೇನಿಲ್ಲವಲ್ಲ ಎಂದು ಫಾರಂಗೆ ಸಹಿ ಹಾಕುತ್ತೇವೆ.

ಆಸೆಪಡುವುದರಲ್ಲಿ ತಪ್ಪೇನಿಲ್ಲ. ಕುಂದಾಪುರದ ಅಂಗಡಿ, ಕೋಟೇಶ್ವರದ ಖಾಸಗಿ ಶಾಲೆ, ಬ್ರಹ್ಮಾವರದ ಶೋರೂಂ, ಬೈಂದೂರಿನ ಸೊಸೈಟಿ ಇಂಥ ಕಡೆ ಕೆಲಸ ಮಾಡುವವರ ಸಂಬಳ ಎಷ್ಟೆಂದು ಇಲ್ಲಿ ಬರೆದರೆ ಬೆಂಗಳೂರಿನಲ್ಲಿರುವ ಗೆಳೆಯರು ನಂಬುವುದಿಲ್ಲ. ಬೈಕಿನ ಸಾಲದ ಕಂತು, ತಂಗಿಯ ಫೀಸು ಹೋದ ಮೇಲೆ ಉಳಿಯುವುದು ಪೆಟ್ರೋಲಿಗೆ. ಅಂಥಲ್ಲಿ ತಿಂಗಳಿಗೆ ಮೂರು ನಾಲ್ಕು ಸಾವಿರ ಹೆಚ್ಚಿಗೆ ಬರುತ್ತದೆ ಎಂದರೆ ಯಾರು ಬೇಡ ಎನ್ನುತ್ತಾರೆ? ನಾನೂ ಎನ್ನಲಿಲ್ಲ. ಹಗಲು ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ, ವಾರದ ಕೊನೆಯಲ್ಲಿ ವಿಮೆ. ಕೆಲವು ವರ್ಷಗಳಿಂದ ಹೀಗೇ ನಡೆದಿದೆ. ಹೊಸದಾಗಿ ಸೇರುವವರಿಗೆ ಮೀಟಿಂಗಿನಲ್ಲಿ ಹೇಳದ ಕೆಲವು ಸಂಗತಿಗಳನ್ನು ಹೇಳೋಣ ಎನಿಸಿತು.

ಮನೆಬಾಗಿಲಿಗೆ ಬಂದು ದುಡ್ಡು ಒಯ್ಯುವವರು ನಮ್ಮ ಜಿಲ್ಲೆಗೆ ಹೊಸಬರಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟನೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ಈಗಲೂ ಸೊಸೈಟಿಗಳಲ್ಲಿ ಉಳಿದಿದೆ. ನಮ್ಮ ಅಜ್ಜಿಯಂದಿರು ಅಪರಿಚಿತನೊಬ್ಬನ ಕೈಗೆ ದುಡ್ಡು ಕೊಡಲು ಕಲಿತದ್ದು ಆ ಪಿಗ್ಮಿಯವನಿಂದ. ಆತ ದಿನಾ ಬರುತ್ತಿದ್ದ, ಒಂದು ದಿನ ಬಾರದಿದ್ದರೆ ಊರಿಗೇ ಗೊತ್ತಾಗುತ್ತಿತ್ತು. ವಿಮೆ ಏಜೆಂಟ್ ಹಾಗಲ್ಲ. ಪಾಲಿಸಿ ಮಾಡಿಸಿದ ದಿನ ಬಂದು, ಇಪ್ಪತ್ತು ವರ್ಷ ಕಾಣದಿದ್ದರೂ ಯಾರೂ ಕೇಳುವುದಿಲ್ಲ. ಕೇಳುವ ದಿನ ಬಂದಾಗ ಆತನ ಫೋನ್ ನಂಬರ್ ಬದಲಾಗಿರುತ್ತದೆ.

ಸೇರುವುದು ಸುಲಭ. 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ಅಂದರೆ ಕಾಲೇಜಿನಲ್ಲಿ ಓದುತ್ತಿರುವವರೂ ಆಗಬಹುದು. 25 ಗಂಟೆಗಳ ತರಬೇತಿ, ಆಮೇಲೆ ಐಸಿ-38 ಎನ್ನುವ ಪರೀಕ್ಷೆ. 50 ಪ್ರಶ್ನೆ, ಒಂದು ಗಂಟೆ, ಶೇ 35 ಬಂದರೆ ಪಾಸು. ಪಿಯುಸಿ ಅಕೌಂಟೆನ್ಸಿ ಪಾಸಾದವರಿಗೆ ಇದು ಏನೂ ಅಲ್ಲ. ಒಬ್ಬ ಏಜೆಂಟ್ ಒಂದೇ ಜೀವವಿಮಾ ಕಂಪನಿ, ಒಂದೇ ಸಾಮಾನ್ಯ ವಿಮಾ ಕಂಪನಿ, ಒಂದೇ ಆರೋಗ್ಯ ವಿಮಾ ಕಂಪನಿಯ ಪಾಲಿಸಿ ಮಾರಬಹುದು. ಹಲವು ಕಂಪನಿಗಳದ್ದನ್ನು ಮಾರಬೇಕೆಂದರೆ ಬ್ರೋಕರ್ ಸಂಸ್ಥೆಯ ಮೂಲಕ ಪಿಒಎಸ್‌ಪಿ ಆಗುವ ದಾರಿ ಇದೆ, ಅದಕ್ಕೆ 15 ಗಂಟೆಗಳ ತರಬೇತಿ ಸಾಕು. ನಮ್ಮಲ್ಲಿ ಝೆರಾಕ್ಸ್ ಅಂಗಡಿ, ಸೈಬರ್ ಇಟ್ಟುಕೊಂಡವರು ಬೈಕ್, ಆಟೊ ಇನ್ಶೂರೆನ್ಸ್ ಮಾಡಿಕೊಡುವುದು ಹೆಚ್ಚಾಗಿ ಈ ದಾರಿಯಲ್ಲೇ. ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದ್ದರಿಂದ ಅಲ್ಲಿ ಗಿರಾಕಿ ತಾನಾಗಿ ಬರುತ್ತಾನೆ. ಜೀವವಿಮೆಗೆ ನಾವೇ ಹೋಗಬೇಕು.

ಹೋಗುವ ಮುಂಚೆ ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಬೇರೆ ಆದಾಯದ ಕೆಲಸ ಮಾಡಬಾರದು ಎಂಬ ಸಾಲು ಇದ್ದರೆ ಬರಹದಲ್ಲಿ ಅನುಮತಿ ಕೇಳಿ. 2022ರಲ್ಲಿ ವಿಪ್ರೊ ಎರಡು ಕಡೆ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ತೆಗೆದ ಸುದ್ದಿ ನೆನಪಿರಬಹುದು. ಅವರು ಪ್ರತಿಸ್ಪರ್ಧಿ ಕಂಪನಿಗಳಿಗೆ ದುಡಿಯುತ್ತಿದ್ದರು ಎಂಬುದು ದೂರು, ವಿಮೆ ಮಾರುವುದು ಅದೇ ಅಲ್ಲ ನಿಜ. ಆದರೂ ಊರಿನಲ್ಲಿ ಕೂತು ಮನೆಯಿಂದಲೇ ಐಟಿ ಕೆಲಸ ಮಾಡುವವರು ನೋಡಿಕೊಂಡು ಇಳಿಯುವುದು ಒಳ್ಳೆಯದು. ಸರ್ಕಾರಿ ನೌಕರರ ವಿಷಯವೇ ಬೇರೆ. ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ, ಉದ್ಯೋಗ ಮಾಡುವಂತಿಲ್ಲ. ಹೆಂಡತಿಯ ಹೆಸರಲ್ಲಿ ಏಜೆನ್ಸಿ ಮಾಡಿ ತಾನು ತಿರುಗುವ ಉಪಾಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಇದನ್ನೇ ಹೆಸರಿಸಿ ಹೇಳಿವೆ: ಹೆಂಡತಿ ಅಥವಾ ಮನೆಯವರ ವಿಮಾ ಏಜೆನ್ಸಿಗೆ ನೌಕರ ಪ್ರಚಾರ ಮಾಡಿದರೂ ಅದು ನಿಯಮದ ಉಲ್ಲಂಘನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ನಡುವೆ ಏಜೆನ್ಸಿ ಮಾಡುವವರು ಕೆಲಸ ಸಿಕ್ಕ ದಿನ ಇದನ್ನು ಏನು ಮಾಡುವುದು ಎಂದು ಈಗಲೇ ಯೋಚಿಸಬೇಕು.

ಇನ್ನು ಮಾರಾಟ. ಮೊದಲ ದಿನದ ತರಬೇತಿಯಲ್ಲಿ ಒಂದು ಹಾಳೆ ಕೊಟ್ಟು ನೂರು ಹೆಸರು ಬರೆಯಿರಿ ಎನ್ನುತ್ತಾರೆ. ಮಾವ, ಚಿಕ್ಕಪ್ಪ, ಕ್ಲಾಸ್‌ಮೇಟ್, ಕ್ರಿಕೆಟ್ ಟೀಮಿನವರು, ಹೇರ್ ಕಟಿಂಗಿನವರು. ಹೆಸರು ನೂರು ಆಗುತ್ತದೆ. ಆದರೆ ಅವರನ್ನೆಲ್ಲ ನೋಡಿದ ಮೇಲೆ ಏನು ಮಾಡುವುದು ಎಂದು ಯಾರೂ ಹೇಳುವುದಿಲ್ಲ. ನಮ್ಮ ಊರಿನಲ್ಲಿ ಯಾರೂ ಮುಖಕ್ಕೆ ಹೊಡೆದಂತೆ ಬೇಡ ಎನ್ನುವವರಲ್ಲ. 'ಕಾಂಬ' ಎನ್ನುತ್ತಾರೆ. ಘಟ್ಟದ ಮೇಲಿನಿಂದ ಬಂದ ಡೆವಲಪ್‌ಮೆಂಟ್ ಆಫೀಸರಿಗೆ ಇದು 'ನೋಡೋಣ' ಎಂದು ಕೇಳಿಸುತ್ತದೆ, ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ನಮಗೆ ಗೊತ್ತು, ಕಾಂಬ ಎಂದರೆ ಇಲ್ಲ, ಆದರೆ ಚಾ ಕುಡಿದು ಹೋಗು ಎಂದು. 'ಹೇಳ್ತೆ' ಎಂದರೆ ಇನ್ನೂ ಸ್ವಲ್ಪ ದೂರದ ಇಲ್ಲ. ಎರಡನೇ ಸಲ ಹೋದಾಗ ಚಾ ತಡವಾಗುತ್ತದೆ. ಮೂರನೇ ಸಲಕ್ಕೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದ ಎಲೆ ಖಾಲಿ ಉಳಿಯುತ್ತದೆ.

ಆದರೂ ಸಂಬಂಧಿಕರು ಒಂದೆರಡು ಪಾಲಿಸಿ ಮಾಡುತ್ತಾರೆ. ನಮ್ಮ ಮೇಲಿನ ಮರ್ಯಾದೆಗೆ. ಕಷ್ಟ ಶುರುವಾಗುವುದೇ ಅಲ್ಲಿ. ಮರ್ಯಾದೆಗೆ ಮಾಡಿದ ಪಾಲಿಸಿ ಎರಡನೇ ಕಂತಿಗೆ ನಿಲ್ಲುತ್ತದೆ. ಅದರಿಂದ ಏಜೆಂಟಿಗೆ ಎಷ್ಟು ಹೋಗುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಕಮಿಷನ್ ದರ ಕಂಪನಿ, ಪಾಲಿಸಿಯ ಬಗೆ, ಅವಧಿ ನೋಡಿ ಬೇರೆ ಬೇರೆ. ಮೊದಲ ವರ್ಷ ಶೇ 25, ಎರಡು ಮತ್ತು ಮೂರನೇ ವರ್ಷ ಶೇ 7.5, ಅನಂತರ ಶೇ 5 ಎಂದಿಟ್ಟುಕೊಳ್ಳಿ. ದೀರ್ಘಾವಧಿಯ ಎಂಡೋಮೆಂಟ್ ಪಾಲಿಸಿಗಳಲ್ಲಿ ಬಹುಕಾಲ ನಡೆದುಬಂದದ್ದು ಹತ್ತಿರ ಹತ್ತಿರ ಇದೇ. ವರ್ಷಕ್ಕೆ 15,000 ರೂಪಾಯಿ ಕಂತಿನ 12 ಪಾಲಿಸಿ ಮಾಡಿಸಿದಿರಿ. ಒಟ್ಟು ಪ್ರೀಮಿಯಂ 1,80,000. ಮೊದಲ ವರ್ಷದ ಕಮಿಷನ್ 45,000. ತಿಂಗಳಿಗೆ 3,750 ಬಿತ್ತು. ಕುಂದಾಪುರದಿಂದ ಬೈಂದೂರಿಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು, ಬ್ರಹ್ಮಾವರಕ್ಕೆ ಇಪ್ಪತ್ತು ಚಿಲ್ಲರೆ. ಒಂದು ಪಾಲಿಸಿಗೆ ನಾಲ್ಕು ಸಲ ಹೋಗಿ ಬಂದರೆ ಪೆಟ್ರೋಲಿಗೆ ಎಷ್ಟಾಯಿತು ಎಂದು ನೀವೇ ಕಳೆಯಿರಿ.

ಹೀಗೇ ವರ್ಷವರ್ಷವೂ 12 ಪಾಲಿಸಿ ಮಾಡಿಸುತ್ತಾ ಹೋಗಿ, ಒಂದೂ ನಿಲ್ಲದಿದ್ದರೆ ಹತ್ತನೇ ವರ್ಷದಲ್ಲಿ ಹಳೆಯ ಪಾಲಿಸಿಗಳಿಂದಲೇ 90,000 ಬರುತ್ತದೆ. ಪ್ರತಿ ವರ್ಷದ 12ರಲ್ಲಿ ಐದು ಎರಡನೇ ಕಂತಿಗೇ ನಿಂತುಹೋದರೆ ಅದು 52,500ಕ್ಕೆ ಇಳಿಯುತ್ತದೆ. ಇಲ್ಲಿ ಏಜೆಂಟ್ ಕಳೆದುಕೊಳ್ಳುವುದು ಬರಬೇಕಾದ ಕಮಿಷನ್. ಕಂತು ನಿಲ್ಲಿಸಿದವರು ಕಳೆದುಕೊಳ್ಳುವುದು ತಾವು ಕಟ್ಟಿದ ದುಡ್ಡು. 2024ರ ಅಕ್ಟೋಬರಿನಿಂದ ಹೊಸ ಪಾಲಿಸಿಗಳಲ್ಲಿ ಒಂದು ವರ್ಷದ ಕಂತು ಪೂರ್ತಿ ಕಟ್ಟಿದ್ದರೂ ಸ್ವಲ್ಪ ಸರೆಂಡರ್ ಹಣ ಸಿಗುವಂತೆ ನಿಯಮ ಬಂದಿದೆ. ಅದಕ್ಕೂ ಮುಂಚೆ ಮಾಡಿಸಿ, ಒಂದೇ ಕಂತಿಗೆ ಬಿಟ್ಟವರಿಗೆ ಹೆಚ್ಚಾಗಿ ಏನೂ ಸಿಗುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಇಂದಿಗೂ ವಿಮೆ ಎಂದರೆ ಮುಖ ತಿರುಗಿಸುತ್ತಾರೆ. ಹೊಸ ಏಜೆಂಟ್ ಅವರ ಮನೆ ಮೆಟ್ಟಿಲು ಹತ್ತಿದಾಗ ಸಿಗುವುದು ಹಳೆಯ ಏಜೆಂಟಿಗೆ ಸಲ್ಲಬೇಕಾದ ಬೈಗುಳ.

ಪಾಲಿಸಿ ನಿಲ್ಲುವುದಕ್ಕೆ ಜನರ ಮನಸ್ಸು ಕಾರಣ ಎಂದು ಮೀಟಿಂಗಿನಲ್ಲಿ ಹೇಳುತ್ತಾರೆ. ನಾನು ನೋಡಿದಂತೆ ಕಾರಣ ಹೆಚ್ಚಿನ ಸಲ ಕ್ಯಾಲೆಂಡರಿನಲ್ಲಿ ಇರುತ್ತದೆ. ನಮ್ಮ ಮೂರು ತಾಲೂಕಿನಲ್ಲಿ ತಿಂಗಳ ಒಂದನೇ ತಾರೀಕು ಸಂಬಳ ಬರುವ ಮನೆಗಳು ಕಡಿಮೆ. ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಅವರಿಗೆ ಜನವರಿಯಲ್ಲಿ ಅರ್ಧವಾರ್ಷಿಕ ಕಂತಿನ ಪಾಲಿಸಿ ಮಾಡಿಸಿದರೆ ಎರಡನೇ ಕಂತು ಸರಿಯಾಗಿ ಜುಲೈಗೆ ಬಂದು ಬೀಳುತ್ತದೆ, ಕೈಯಲ್ಲಿ ಕಾಸಿಲ್ಲದ ತಿಂಗಳಿಗೆ. ಮಂದಾರ್ತಿ, ಮಾರಣಕಟ್ಟೆ ಮೇಳದ ಕಲಾವಿದರಿಗೆ ತಿರುಗಾಟ ಇರುವುದು ನವೆಂಬರಿನಿಂದ ಮೇ ತನಕ, ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಸಂಪಾದನೆ ಬೇರೆಯೇ. ಹೆಮ್ಮಾಡಿಯ ಸೇವಂತಿಗೆ ಬೆಳೆಯುವವರ ಕೈಗೆ ಹಣ ಬರುವುದು ಮಕರ ಸಂಕ್ರಮಣದ ಹೊತ್ತಿಗೆ. ಬೆಂಗಳೂರು, ಮುಂಬೈ ಹೋಟೆಲುಗಳಲ್ಲಿರುವವರು ಊರಿಗೆ ಬರುವುದು ಚೌತಿ, ದೀಪಾವಳಿ ಅಥವಾ ಮೇ ತಿಂಗಳ ಮದುವೆಗಳಿಗೆ.

ಇಂಥ ಮನೆಗಳಲ್ಲಿ ಕಂತು ಯಾವ ತಿಂಗಳಿಗೆ ಬೀಳಬೇಕು ಎಂದು ಮೊದಲು ಕೇಳಿ, ಆಮೇಲೆ ಪಾಲಿಸಿಯ ತಾರೀಕು ಗೊತ್ತು ಮಾಡಿದರೆ ಅರ್ಧ ತೊಂದರೆ ಇಲ್ಲ. ವಾರ್ಷಿಕ, ಅರ್ಧವಾರ್ಷಿಕ, ತ್ರೈಮಾಸಿಕ ಕಂತಿಗೆ 30 ದಿನ, ಮಾಸಿಕ ಕಂತಿಗೆ 15 ದಿನ ರಿಯಾಯಿತಿ ಅವಧಿ ಇರುತ್ತದೆ. ನಿಂತುಹೋದ ಸಾಂಪ್ರದಾಯಿಕ ಪಾಲಿಸಿಗೆ ಐದು ವರ್ಷದೊಳಗೆ ಮರುಜೀವ ಕೊಡಬಹುದು. ಆದರೆ ಮಾರ್ಚ್ ತಿಂಗಳಲ್ಲಿ ಟಾರ್ಗೆಟ್ ಮುಗಿಸುವ ಅವಸರ ಇರುವವರಿಗೆ ಗಿರಾಕಿಯ ಜುಲೈ ಬಗ್ಗೆ ಯೋಚಿಸಲು ಪುರುಸೊತ್ತು ಎಲ್ಲಿ? ಅಂದಹಾಗೆ, 'ಟ್ಯಾಕ್ಸ್ ಉಳಿಯುತ್ತೆ' ಎನ್ನುವ ಮಾರ್ಚಿನ ಮಾತು ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಈಗ ಅನ್ವಯಿಸುವುದೂ ಇಲ್ಲ.

ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ಪ್ರಸ್ತಾವನಾ ಫಾರಂ ತುಂಬುವಾಗ. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ಬೀಡಿ, ಹೊಗೆಸೊಪ್ಪು ಉಂಟೇ, ಆಪರೇಷನ್ ಆಗಿದೆಯೇ ಎಂದು ಸಾಲು ಸಾಲು ಪ್ರಶ್ನೆ. ಬಾಯಿಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ 'ಎಲ್ಲದಕ್ಕೂ ಇಲ್ಲೆ ಅಂದ್ ಹಾಕಿ' ಎನ್ನುತ್ತಾರೆ. ಹಾಕಿದರೆ ಎಲ್ಲರಿಗೂ ಸುಲಭ: ವೈದ್ಯಕೀಯ ಪರೀಕ್ಷೆ ತಪ್ಪುತ್ತದೆ, ಹೆಚ್ಚಿನ ಪ್ರೀಮಿಯಂ ಬೀಳುವುದಿಲ್ಲ, ಕಮಿಷನ್ ಬೇಗ ಬರುತ್ತದೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಪಾಲಿಸಿ ಶುರುವಾಗಿ ಮೂರು ವರ್ಷ ಕಳೆದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಆ ಮೂರು ವರ್ಷದೊಳಗೆ ಸಾವು ಬಂದರೆ ಆಸ್ಪತ್ರೆಯ ಹಳೆಯ ಚೀಟಿಗಳನ್ನೆಲ್ಲ ತೆಗೆಸಿ ನೋಡುತ್ತಾರೆ. ಆಗ ಆ ಒಂದು 'ಇಲ್ಲೆ'ಗೆ ಉತ್ತರ ಕೊಡಬೇಕಾದವರು ಸತ್ತವರ ಹೆಂಡತಿ. ಏಜೆಂಟ್ ಬೇರೆ ಊರಿನವನಾದರೆ ತಪ್ಪಿಸಿಕೊಳ್ಳಬಹುದು. ಅದೇ ವಾರ್ಡಿನವರಾದ ನಾವು ಎಲ್ಲಿ ಹೋಗುವುದು? ಆಕೆ ನಾಳೆ ರೇಷನ್ ಅಂಗಡಿಯಲ್ಲೂ ಸಿಗುತ್ತಾರೆ, ಜಾತ್ರೆಯಲ್ಲೂ ಸಿಗುತ್ತಾರೆ.

ಹೆಸರಿನ ವಿಷಯವನ್ನೂ ಹೇಳಬೇಕು. ಇದು ನಮ್ಮ ಊರಿನದೇ ಕಷ್ಟ. ಶಾಲೆಯ ದಾಖಲೆಯಲ್ಲಿ ಬರಿಯ ಹೆಸರು, ಆಧಾರ್‌ನಲ್ಲಿ ಪೂಜಾರಿ, ರೇಷನ್ ಕಾರ್ಡಿನಲ್ಲಿ ಪೂಜಾರ್ತಿ. ಒಂದು ಕಡೆ ಶೆಟ್ಟಿ, ಇನ್ನೊಂದು ಕಡೆ ಶೆಡ್ತಿ. ಬೈಂದೂರು ಕಡೆಯ ನಮ್ಮ ಪರಿಚಯದ ಮನೆಯೊಂದರಲ್ಲಿ ಬೆಂಗಳೂರಿನ ಹೋಟೆಲಿನಲ್ಲಿದ್ದ ಮಗ ತೀರಿಕೊಂಡಾಗ ಪೆಟ್ಟಿಗೆಯಲ್ಲಿ ಒಂದು ಪಾಲಿಸಿ ಬಾಂಡ್ ಸಿಕ್ಕಿತು. ಮಾಡಿಸಿಕೊಟ್ಟವರು ಯಾವಾಗಲೋ ಏಜೆನ್ಸಿ ಬಿಟ್ಟು ಗಲ್ಫಿಗೆ ಹೋಗಿದ್ದರು. ನಾಮಿನಿ ತಾಯಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಗಳಲ್ಲಿ ಹಾಗೆಯೇ ಇರುತ್ತದೆ, ಮದುವೆಯ ನಂತರ ಬದಲಿಸಬೇಕೆಂದು ನೆನಪಿಸುವವರು ಇರುವುದಿಲ್ಲ. ಆ ಮನೆಯಲ್ಲಿ ಅತ್ತೆ ಸೊಸೆ ಚೆನ್ನಾಗಿದ್ದರು, ಹಾಗಾಗಿ ಜಗಳವಾಗಲಿಲ್ಲ. ಆದರೆ ಬಾಂಡಿನಲ್ಲಿದ್ದ ತಾಯಿಯ ಹೆಸರಿಗೂ ಪಾಸ್‌ಬುಕ್ಕಿನ ಹೆಸರಿಗೂ ತಾಳೆ ಆಗಲಿಲ್ಲ. ಅಫಿಡವಿಟ್, ನೋಟರಿ, ಆಧಾರ್ ತಿದ್ದುಪಡಿ ಎಂದು ಎರಡು ತಿಂಗಳು ಓಡಾಟ. ನಾನು ಮೂರು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಕೊನೆಗೆ ಹಣ ಬಂತು. ಬಾಂಡ್ ಸಿಗದೇ ಹೋಗಿದ್ದರೆ ಕೇಳುವವರೇ ಇರುತ್ತಿರಲಿಲ್ಲ. ಹತ್ತು ವರ್ಷ ಯಾರೂ ಕೇಳದ ವಿಮೆ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ.

ಆ ಮೂರು ಅರ್ಧ ದಿನಗಳಿಗೆ ನನಗೆ ಕಮಿಷನ್ ಇಲ್ಲ, ಅದು ನನ್ನ ಪಾಲಿಸಿಯೇ ಅಲ್ಲ. ಆದರೆ ಅಂದಿನಿಂದ ನಾನು ಫಾರಂ ತುಂಬುವ ಮುಂಚೆ ನಾಮಿನಿಯ ಪಾಸ್‌ಬುಕ್ ಕೇಳುತ್ತೇನೆ. ಪಾಲಿಸಿ ಇದೆ ಎಂದು ಮನೆಯಲ್ಲಿ ಕನಿಷ್ಠ ಒಬ್ಬರಿಗಾದರೂ ಹೇಳಿಸುತ್ತೇನೆ. ಕ್ಲೇಮ್ ತಿರಸ್ಕಾರವಾದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ದೂರು ಕೊಡಲು ಶುಲ್ಕವಿಲ್ಲ ಎಂಬುದನ್ನೂ ತಿಳಿಸುತ್ತೇನೆ. ಬಾಂಡ್ ಬಂದ 30 ದಿನದೊಳಗೆ ಬೇಡವೆನಿಸಿದರೆ ವಾಪಸ್ ಕೊಡಬಹುದು ಎಂಬ ಮಾತನ್ನು ಮಾತ್ರ ಹೇಳಬಾರದೆಂದು ಹಿರಿಯ ಏಜೆಂಟರು ಬೈಯುತ್ತಾರೆ. ಹೇಳಿದ ಮೇಲೂ ಇದುವರೆಗೆ ಯಾರೂ ವಾಪಸ್ ಕೊಟ್ಟಿಲ್ಲ.

'ಮೊದಲ ಕಂತು ನೀವೇ ಕಟ್ಟಿ, ನಿಮಗೆ ಕಮಿಷನ್ ಬತ್ತಲ್ಲ' ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಪಕ್ಕದ ಏಜೆಂಟ್ ಕಟ್ಟಿಯೂ ಕಟ್ಟುತ್ತಾನೆ. ವಿಮಾ ಕಾಯ್ದೆಯ 41ನೇ ಕಲಮು ಇದನ್ನು ನಿಷೇಧಿಸಿದೆ, ದಂಡ 10 ಲಕ್ಷ ರೂಪಾಯಿಯವರೆಗೆ ಇದೆ. ಬಿಟ್ಟಿ ಕಂತಿನ ಪಾಲಿಸಿಗೆ ಎರಡನೇ ಕಂತು ಬರುವುದಿಲ್ಲ ಎಂಬುದು ಅದಕ್ಕಿಂತ ಹತ್ತಿರದ ದಂಡ.

ಓದು ಮುಗಿಸಿ ಕೆಲಸ ಹುಡುಕುತ್ತಿರುವ ಹೆಣ್ಣುಮಕ್ಕಳು ಎಲ್‌ಐಸಿಯ ಬಿಮಾ ಸಖಿ ಯೋಜನೆಯ ಬಗ್ಗೆ ಕೇಳುತ್ತಾರೆ. 2024ರ ಡಿಸೆಂಬರ್ 9ರಂದು ಶುರುವಾದದ್ದು. ಹತ್ತನೇ ತರಗತಿ ಪಾಸಾದ 18ರಿಂದ 70 ವರ್ಷದ ಮಹಿಳೆಯರಿಗೆ ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್, ಕಮಿಷನ್ ಬೇರೆ. ಇದು ಎಲ್‌ಐಸಿ ನೌಕರಿ ಅಲ್ಲ, ಏಜೆನ್ಸಿಯೇ. ಎರಡನೇ ವರ್ಷದ ಹಣ ಬರಬೇಕಾದರೆ ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇ 65ರಷ್ಟಾದರೂ ಚಾಲ್ತಿಯಲ್ಲಿ ಇರಬೇಕು. ಅಲ್ಲಿಯೂ ಮತ್ತೆ ಅದೇ ಜುಲೈ ತಿಂಗಳ ಪ್ರಶ್ನೆ. 'ಮನೆಯಲ್ಲೇ ಕೂತು ಸಂಪಾದಿಸಿ' ಎನ್ನುವ ವಾಟ್ಸ್‌ಆ್ಯಪ್ ಜಾಹೀರಾತುಗಳಲ್ಲಿ ಕೆಲಸ ಏನೆಂದು ಹೇಳದೆ ಮೊದಲೇ ಹಣ ಕೇಳಿದರೆ, ಆ ಕಡೆ ಹೋಗಲೇಬೇಡಿ.

ಇನ್ನೊಂದು ಇಕ್ಕಟ್ಟು ಇದೆ. ಮನೆಗೆ ಒಬ್ಬರೇ ದುಡಿಯುವವರಿದ್ದರೆ ಅವರಿಗೆ ಬೇಕಾದದ್ದು ಕಡಿಮೆ ಪ್ರೀಮಿಯಂಗೆ ದೊಡ್ಡ ಮೊತ್ತ ಕೊಡುವ ಟರ್ಮ್ ಪಾಲಿಸಿ. ಅದರಲ್ಲಿ ಏಜೆಂಟಿಗೆ ಸಿಗುವುದು ಸ್ವಲ್ಪ, ಯಾಕೆಂದರೆ ಪ್ರೀಮಿಯಂ ಸಣ್ಣದು. ಆದಾಯದ ದಾಖಲೆ ಕೇಳುವುದರಿಂದ ಕೂಲಿ ಮಾಡುವವರಿಗೆ, ಬೋಟಿಗೆ ಹೋಗುವವರಿಗೆ ಅದು ಸುಲಭವಾಗಿ ಸಿಗುವುದೂ ಇಲ್ಲ. ಅಂಥವರಿಗೆ ನಾನು ಮೊದಲು ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಜೀವನ ಜ್ಯೋತಿ ಮಾಡಿಸಿ ಎನ್ನುತ್ತೇನೆ. ವರ್ಷಕ್ಕೆ 436 ರೂಪಾಯಿ, 2 ಲಕ್ಷದ ಜೀವವಿಮೆ, ಸೇರಲು 18ರಿಂದ 50 ವರ್ಷ. ಅದರ ಜೊತೆ 20 ರೂಪಾಯಿಯ ಸುರಕ್ಷಾ ಬಿಮಾ, ಅಪಘಾತಕ್ಕೆ 2 ಲಕ್ಷ. ಹಣ ಮೇ ಕೊನೆಯಲ್ಲಿ ಖಾತೆಯಿಂದ ಹೋಗುತ್ತದೆ, ಏಜೆಂಟನ ಸಹಿ ಬೇಕಿಲ್ಲ. 'ನಿಮ್ಗೆಂತ ಸಿಕ್ತ್ ಇದ್ರಲ್ಲಿ?' ಎಂದು ಒಬ್ಬರು ಕೇಳಿದರು. ಏನೂ ಇಲ್ಲ ಎಂದೆ. ನಾಲ್ಕು ತಿಂಗಳ ಮೇಲೆ ಅವರೇ ಫೋನ್ ಮಾಡಿ, ಮಗನಿಗೆ ಕೆಲಸ ಆಗಿದೆ, ಬಂದು ಹೋಗಿ ಎಂದರು. ಎಲ್ಲರೂ ಹಾಗೆ ಕರೆಯುತ್ತಾರೆ ಎಂದಲ್ಲ.

ನೀವೂ ಸೇರುವುದಾದರೆ ಕರೆಯುವ ಅಧಿಕಾರಿಯನ್ನು ಎರಡು ಪ್ರಶ್ನೆ ಕೇಳಿ. ಐದು ವರ್ಷದ ಹಿಂದೆ ನಿಮ್ಮ ಕೈಕೆಳಗೆ ಸೇರಿದವರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೆ? ಬಿಟ್ಟು ಹೋದವರ ಪಾಲಿಸಿಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಇಂಥವಕ್ಕೆ ಕಚೇರಿಯಲ್ಲಿ ಅನಾಥ ಪಾಲಿಸಿ ಎನ್ನುತ್ತಾರೆ. ಕಮಿಷನ್ ಆದಾಯ ಇದ್ದರೆ ಸಂಬಳದವರ ಐಟಿಆರ್-1 ನಡೆಯುವುದಿಲ್ಲ, ಅದನ್ನೂ ಲೆಕ್ಕದವರ ಹತ್ತಿರ ಕೇಳಿಟ್ಟುಕೊಳ್ಳಿ. ಒಂದು ನೋಟ್‌ಬುಕ್ ಬೇಕು, ಮೊಬೈಲ್ ಸಾಲದು: ಎಡಗಡೆ ಹೆಸರು, ಬಲಗಡೆ ಕಂತಿನ ತಿಂಗಳು, ಕೆಳಗೆ ಆ ಮನೆಯಲ್ಲಿ ಫೋನ್ ಎತ್ತುವ ಇನ್ನೊಬ್ಬರ ನಂಬರ್. ನನ್ನದರಲ್ಲಿ ಆಗಸ್ಟ್ ಪುಟ ದೊಡ್ಡದಿದೆ. ಬೋಟು ಕಡಲಿಗೆ ಇಳಿದು ಎರಡು ವಾರ ಬಿಟ್ಟು ಆ ಪುಟದವರಿಗೆ ಫೋನ್ ಮಾಡಲು ಶುರು ಮಾಡುತ್ತೇನೆ, ಆಫೀಸು ಬಿಟ್ಟ ಮೇಲೆ, ಏಳು ಗಂಟೆಗೆ.